ಅಕೌಂಟಿಗೆ ಬಂದ ದುಡ್ಡೆಲ್ಲ ಲಾಭವೇ? ಕೈಕೆಲಸದ ಸಣ್ಣ ವ್ಯಾಪಾರಕ್ಕೆ ಲೆಕ್ಕ ಇಡುವುದು ಹೇಗೆ?

ಮನೆಯಲ್ಲೇ ಕಸೂತಿ ಹಾಕುವವರು, ಟೆರಾಕೋಟಾ ಓಲೆ ಮಾಡುವವರು, ಕ್ರೋಶಾ ಹೆಣೆಯುವವರು, ಸೋಪು ತಯಾರಿಸುವವರು ಹೀಗೆ ಕೈಕೆಲಸದ ವ್ಯಾಪಾರ ಮಾಡುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ವ್ಯಾಪಾರ ಚೆನ್ನಾಗೇ ಇದೆ, ಆದ್ರೆ ದುಡ್ಡು ಎಲ್ಲಿ ಹೋಗುತ್ತೋ ಗೊತ್ತಾಗಲ್ಲ."

ಇದಕ್ಕೆ ಕಾರಣ ಹುಡುಕುವಾಗ ನಾವು ಸಾಮಾನ್ಯವಾಗಿ ಚೌಕಾಸಿ ಮಾಡುವ ಗಿರಾಕಿಯನ್ನೋ, ಅಗ್ಗದ ಮಷಿನ್ ಮಾಲನ್ನೋ ದೂರುತ್ತೇವೆ. ಅವೂ ಕಾರಣಗಳೇ. ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ಒಂದಿದೆ: ಒಂದು ವಸ್ತು ಮಾರಿದಾಗ ನಿಮಗೆ ನಿಜವಾಗಿ ಉಳಿಯುವುದು ಎಷ್ಟು? ಬಹಳಷ್ಟು ಜನರಿಗೆ ಇದರ ಉತ್ತರ ಅಂದಾಜಿನಲ್ಲಷ್ಟೇ ಗೊತ್ತಿರುತ್ತದೆ. ಆ ಅಂದಾಜು ಹೆಚ್ಚಾಗಿ ತಪ್ಪಾಗಿರುತ್ತದೆ. ಯಾಕೆ ತಪ್ಪುತ್ತದೆ, ಲೆಕ್ಕ ಇಡುವುದರ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳು ಯಾವುವು, ಕಾಮರ್ಸ್ ಓದದವರೂ ಇದನ್ನು ಶುರು ಮಾಡುವುದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದು ಚೀಲದ ಲೆಕ್ಕ

ಧಾರವಾಡದ ಕಡೆಯ ಕಸೂತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ, ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಇದು. ಇದರಲ್ಲಿ ನೂಲಿನ ಖರ್ಚು ಕಡಿಮೆ, ಸಮಯದ ಖರ್ಚು ಜಾಸ್ತಿ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾವು ಊಹಿಸಿಕೊಂಡವು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ವಿಧಾನ ಇದೇ.

ಕಸೂತಿ ಹಾಕಿದ ಒಂದು ಹೆಗಲ ಚೀಲದ ಬೆಲೆ ₹450. ಒಂದು ಚೀಲಕ್ಕೆ ನೇರವಾಗಿ ತಗಲುವ ಖರ್ಚು ಹೀಗಿದೆ:

- ಬಟ್ಟೆ ಮತ್ತು ಒಳಗಿನ ಲೈನಿಂಗ್: ₹110
- ಕಸೂತಿ ನೂಲು: ₹25
- ಜಿಪ್ ಮತ್ತು ಪಟ್ಟಿ: ₹20
- ಟೇಲರ್‌ಗೆ ಹೊಲಿಗೆ ಕೂಲಿ: ₹50
- ಕತ್ತರಿಸುವಾಗ ಹಾಳಾಗುವ ಬಟ್ಟೆ: ₹10
- ಪ್ಯಾಕಿಂಗ್, ಟ್ಯಾಗ್: ₹15

ಒಟ್ಟು ₹230. ಅಂದರೆ ಚೀಲವೊಂದಕ್ಕೆ ₹220 ಲಾಭ. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಇನ್ನು ಕೆಲವರು ಬಟ್ಟೆ, ನೂಲು ಎರಡನ್ನೇ ಕಳೆದು ₹300ಕ್ಕೂ ಹೆಚ್ಚು ಲಾಭ ಎಂದುಕೊಂಡಿರುತ್ತಾರೆ.

ಈಗ ಮುಂದುವರಿಸೋಣ. ಎರಡು ದಿನದ ಮೇಳದಲ್ಲಿ ಮಳಿಗೆ ಹಾಕಿ 60 ಚೀಲ ಮಾರಿದಿರಿ. ಮಳಿಗೆಯ ಬಾಡಿಗೆ ₹3,000. ಹೋಗಿ ಬರುವ ಖರ್ಚು ₹600. ಚೌಕಾಸಿಯಲ್ಲಿ ಸರಾಸರಿ ಚೀಲಕ್ಕೆ ₹10 ಬಿಟ್ಟಿರಿ. ಈ ಮೂರನ್ನೂ 60 ಚೀಲಗಳಿಗೆ ಹಂಚಿದರೆ ಚೀಲಕ್ಕೆ 50 + 10 + 10, ಒಟ್ಟು ₹70. ಉಳಿದದ್ದು ₹150.

ಒಂದು ಚೀಲದ ಕಸೂತಿಗೆ ಆರು ಗಂಟೆ ಬೇಕು ಎಂದುಕೊಳ್ಳಿ. ಅಲ್ಲಿಗೆ ಗಂಟೆಗೆ ₹25. ಎಂಟು ಗಂಟೆಯ ದಿನಕ್ಕೆ ₹200. ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ ₹370. ವರ್ಷಗಟ್ಟಲೆ ಕಲಿತ ಕಸುಬಿನ ದಿನಗೂಲಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿದೆ. ಮಳಿಗೆಯಲ್ಲಿ ಕೂತ ಎರಡು ದಿನವನ್ನು ನಾವಿನ್ನೂ ಸೇರಿಸಿಯೇ ಇಲ್ಲ.

ಮೇಳ ಮುಗಿದಾಗ ಅಕೌಂಟಿಗೆ ಬಂದಿರುವುದು ₹26,400. ಅದರಲ್ಲಿ ನಿಮ್ಮ ದುಡಿಮೆಗೆ ಸಿಕ್ಕಿದ್ದು ₹9,000. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಕಾಣುವಂತೆ ಮಾಡುವುದೇ ಲೆಕ್ಕ ಬರೆಯುವುದರ ಮೊದಲ ಕೆಲಸ.

ಮನಸ್ಸಿನ ಲೆಕ್ಕ ಯಾಕೆ ತಪ್ಪುತ್ತದೆ?

ದಡ್ಡತನದಿಂದ ಅಲ್ಲ. ನಮ್ಮ ಮನಸ್ಸು ದುಡ್ಡನ್ನು ನೋಡುವ ರೀತಿಯೇ ಹಾಗೆ. ದುಡ್ಡು ಎಲ್ಲಿಂದ ಬಂತು, ಯಾವುದಕ್ಕಾಗಿ ಬಂತು ಎನ್ನುವುದರ ಮೇಲೆ ನಾವು ಅದಕ್ಕೆ ಬೇರೆ ಬೇರೆ ಹಣೆಪಟ್ಟಿ ಹಚ್ಚುತ್ತೇವೆ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ವಿವರಿಸಿದ್ದರು. ಇದಕ್ಕೆ ಅವರು ಕೊಟ್ಟ ಹೆಸರು 'ಮೆಂಟಲ್ ಅಕೌಂಟಿಂಗ್', ಅಂದರೆ ಮನಸ್ಸಿನೊಳಗಿನ ಲೆಕ್ಕಪತ್ರ. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಸಂಬಳದ ದುಡ್ಡನ್ನು ಅಳೆದು ತೂಗಿ ಖರ್ಚು ಮಾಡುವ ಮನೆಯಲ್ಲೇ ಮೇಳದಿಂದ ಬಂದ ದುಡ್ಡು 'ಮೇಲಾದಾಯ' ಎನಿಸಿಕೊಂಡು ಅದೇ ವಾರ ಕರಗಿಹೋಗುವುದು ಇದೇ ಕಾರಣಕ್ಕೆ. ಅದರಲ್ಲಿ ಮುಂದಿನ ಬಟ್ಟೆಗೆ ಬೇಕಾದ ಬಂಡವಾಳವೂ ಇತ್ತು ಎನ್ನುವುದು ಆಗ ಹೊಳೆಯುವುದಿಲ್ಲ.

ಸಮಯದ ಅಂದಾಜು ಇನ್ನೂ ಮೋಸದ್ದು. ಕೆಲಸವೊಂದಕ್ಕೆ ಹಿಡಿಯುವ ಸಮಯವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಎಂದು ಕೇಳಲಾಯಿತು. ಅವರ ಅಂದಾಜು ಸರಾಸರಿ 33.9 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಹಾಗಾಗಿ "ಒಂದು ಚೀಲಕ್ಕೆ ನಾಲ್ಕು ಗಂಟೆ ಸಾಕು" ಎಂದು ನೆನಪಿನಿಂದ ಹೇಳುವುದನ್ನು ನಂಬಬೇಡಿ. ಗಡಿಯಾರ ನೋಡಿ ಬರೆದಿಡಿ. ಮನೆಗೆಲಸದ ನಡುವೆ ಅರ್ಧ ಗಂಟೆ, ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಎಂದು ಬಿಡಿಬಿಡಿಯಾಗಿ ಮಾಡುವ ಕೆಲಸವಾದರೆ ಬರೆಯದೆ ಒಟ್ಟು ಸಮಯ ತಿಳಿಯುವುದೇ ಇಲ್ಲ.

ತಪ್ಪು ತಿಳಿವಳಿಕೆ 1: "ಮನೆಯಲ್ಲೇ ಮಾಡೋದು, ಕೂಲಿ ಖರ್ಚು ಇಲ್ಲ"

ಕೂಲಿಯನ್ನು ಬೇರೆಯವರಿಗೆ ಕೊಡುತ್ತಿಲ್ಲ ಎನ್ನುವುದಷ್ಟೇ ನಿಜ. ಅದೇ ಕಸೂತಿಯನ್ನು ಬೇರೆಯವರಿಂದ ಹಾಕಿಸಿದರೆ ದುಡ್ಡು ಕೊಡಲೇಬೇಕು. ದೊಡ್ಡ ಆರ್ಡರ್ ಬಂದು ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಾದಾಗ ಈ ಸತ್ಯ ಒಮ್ಮೆಲೇ ಎದುರಾಗುತ್ತದೆ. ಬೆಲೆಯಲ್ಲಿ ಕೂಲಿಯ ಪಾಲೇ ಇರದ ಕಾರಣ, ಆರ್ಡರ್ ದೊಡ್ಡದಾದಷ್ಟೂ ನಷ್ಟ ದೊಡ್ಡದಾಗುತ್ತದೆ. ಮನೆಮಂದಿ ಇದನ್ನು 'ಬಿಡುವಿನ ಕೆಲಸ' ಎಂದು ಕರೆದರೂ ಪುಸ್ತಕದಲ್ಲಿ ನಿಮ್ಮ ಗಂಟೆಗಳಿಗೆ ಒಂದು ದರ ಬರೆಯಿರಿ. ಆ ದರ ಇಷ್ಟೇ ಇರಬೇಕೆಂದಿಲ್ಲ. ಆದರೆ ಸೊನ್ನೆ ಆಗಿರಬಾರದು.

ತಪ್ಪು ತಿಳಿವಳಿಕೆ 2: "ಈ ತಿಂಗಳು ಸಾಮಾನು ತಂದದ್ದೆಲ್ಲ ಈ ತಿಂಗಳ ಖರ್ಚು"

ದಸರಾ ರಿಯಾಯಿತಿಯಲ್ಲಿ ₹12,000ದ ಬಟ್ಟೆ ತಂದಿರಿ. ಆ ತಿಂಗಳು ನಷ್ಟವಾದಂತೆ ಕಾಣುತ್ತದೆ, ಮುಂದಿನ ತಿಂಗಳು ಭಾರಿ ಲಾಭ ಬಂದಂತೆ ಕಾಣುತ್ತದೆ. ಎರಡೂ ಸುಳ್ಳು. ಬೀರುವಿನಲ್ಲಿ ಇರುವ ಬಟ್ಟೆ ಖರ್ಚಾಗಿಲ್ಲ, ದುಡ್ಡು ಬಟ್ಟೆಯ ರೂಪದಲ್ಲಿ ಕೂತಿದೆ ಅಷ್ಟೇ. ಇದಕ್ಕೊಂದು ಸುಲಭ ಸೂತ್ರವಿದೆ:

ತಿಂಗಳ ಮೊದಲು ಇದ್ದ ದಾಸ್ತಾನು + ಹೊಸದಾಗಿ ತಂದದ್ದು − ತಿಂಗಳ ಕೊನೆಗೆ ಉಳಿದದ್ದು = ಬಳಸಿದ್ದು

ಮೊದಲು ₹4,000ದ ಸಾಮಾನು ಇತ್ತು, ₹12,000ದ್ದು ತಂದಿರಿ, ಕೊನೆಗೆ ₹9,000ದ್ದು ಉಳಿದಿದೆ. ಹಾಗಾದರೆ ಬಳಸಿದ್ದು ₹7,000. ಸಿದ್ಧವಾಗಿದ್ದು ಇನ್ನೂ ಮಾರಾಟವಾಗದ ವಸ್ತುಗಳನ್ನೂ ಹೀಗೆಯೇ ಎಣಿಸಬೇಕು. ಅವನ್ನು ಮಾರುವ ಬೆಲೆಯಲ್ಲಿ ಅಲ್ಲ, ಮಾಡಲು ತಗುಲಿದ ಖರ್ಚಿನಲ್ಲಿ ಬರೆಯಬೇಕು.

ತಪ್ಪು ತಿಳಿವಳಿಕೆ 3: "ಲೆಕ್ಕ ಬರೆದಿಟ್ಟರೆ ತೆರಿಗೆ ಬೀಳುತ್ತೆ"

ಈ ಹೆದರಿಕೆಗೆ ಹಿನ್ನೆಲೆ ಇದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ವಿವರ ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ವ್ಯಾಪಾರಿಗಳ ವಿರೋಧದ ನಂತರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು.

ಈ ಪ್ರಕರಣದಿಂದ ತಿಳಿಯುವುದು "ಲೆಕ್ಕ ಇಡಬೇಡಿ" ಎಂದಲ್ಲ, ಅದರ ತಿರುಗುಮುರುಗು. ನೋಟಿಸ್ ಬಂದದ್ದು ಯಾರೋ ಬರೆದಿಟ್ಟ ಪುಸ್ತಕ ನೋಡಿ ಅಲ್ಲ. ಅಕೌಂಟಿಗೆ ಬಂದ ಹಣದ ದಾಖಲೆ ಹೇಗೂ ಬ್ಯಾಂಕಿನಲ್ಲಿ, ಪಾವತಿ ಕಂಪನಿಯಲ್ಲಿ ಇರುತ್ತದೆ. ಅದರಲ್ಲಿ ಯಾವುದು ಮಾರಾಟದ್ದು, ಯಾವುದು ತಮ್ಮ ಕಳಿಸಿದ ಕೈಸಾಲ, ಯಾವುದು ಚೀಟಿ ದುಡ್ಡು ಎನ್ನುವುದು ಬ್ಯಾಂಕಿಗೆ ಗೊತ್ತಿಲ್ಲ. ಅದನ್ನು ತೋರಿಸಲು ನಿಮ್ಮ ಬಳಿ ಇರುವ ಆಧಾರ ನಿಮ್ಮ ಲೆಕ್ಕದ ಪುಸ್ತಕ ಮಾತ್ರ. ನಗದಿಗೆ ಬದಲಾದರೂ ಪ್ರಯೋಜನವಿಲ್ಲ. ಜಿಎಸ್‌ಟಿ ಲೆಕ್ಕಕ್ಕೆ ನಗದು, ಕಾರ್ಡ್, ಯುಪಿಐ ಎಲ್ಲವೂ ಒಂದೇ.

ಈಗಿನ ನಿಯಮಗಳ ಮುಖ್ಯ ಗಡಿಗಳು ಹೀಗಿವೆ:

- ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆಗೆ ಈ ಮಿತಿ ₹20 ಲಕ್ಷ. ಚೀಲ ಮಾರುವುದರ ಜೊತೆಗೆ ಕಸೂತಿ ಕ್ಲಾಸನ್ನೂ ನಡೆಸುತ್ತಿದ್ದರೆ ಎರಡನೆಯ ಮಿತಿಯನ್ನು ಗಮನದಲ್ಲಿಡಿ.
- ಇದು ವಹಿವಾಟಿನ ಮಿತಿ, ಲಾಭದ್ದಲ್ಲ.
- ಹೊರರಾಜ್ಯಕ್ಕೆ ಸರಕು ಮಾರಿದರೆ ಸಾಮಾನ್ಯವಾಗಿ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಷರತ್ತುಗಳೊಂದಿಗೆ ವಿನಾಯಿತಿ ಇದೆ. ಪ್ಯಾನ್ ಮತ್ತು ಇ-ವೇ ಬಿಲ್ ಆ ಷರತ್ತುಗಳಲ್ಲಿ ಸೇರಿವೆ.
- ಆದಾಯ ತೆರಿಗೆಯಲ್ಲಿ ₹2 ಕೋಟಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಪದ್ಧತಿ ಇದೆ. ವಹಿವಾಟಿನ ಶೇ. 8ರಷ್ಟನ್ನು, ಡಿಜಿಟಲ್ ರೂಪದಲ್ಲಿ ಬಂದ ಹಣವಾದರೆ ಶೇ. 6ರಷ್ಟನ್ನು ಲಾಭ ಎಂದು ತೋರಿಸಬಹುದು.

ನಿಯಮಗಳು ಬದಲಾಗುತ್ತಿರುತ್ತವೆ. ಹೊರರಾಜ್ಯದ ಆರ್ಡರ್, ಆನ್‌ಲೈನ್ ಮಾರಾಟ ಶುರು ಮಾಡುವ ಮುನ್ನ ಒಮ್ಮೆ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳುವುದು ಒಳ್ಳೆಯದು. ಆಗಲೂ ಅವರು ಕೇಳುವ ಮೊದಲ ಪ್ರಶ್ನೆ "ವರ್ಷದ ವಹಿವಾಟು ಎಷ್ಟು?" ಎಂಬುದೇ.

ತಪ್ಪು ತಿಳಿವಳಿಕೆ 4: "ಲೆಕ್ಕಪತ್ರ ಅಂದ್ರೆ ಕಾಮರ್ಸ್ ಓದಿರಬೇಕು"

ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಾಲ ಪಡೆದಿದ್ದ ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪಠ್ಯಪುಸ್ತಕದ ಲೆಕ್ಕಶಾಸ್ತ್ರ ಕಲಿಸಿದರು. ಇನ್ನೊಂದು ಗುಂಪಿಗೆ ಮನೆಯ ದುಡ್ಡು, ವ್ಯಾಪಾರದ ದುಡ್ಡು ಬೇರೆ ಬೇರೆ ಇಡುವಂಥ ಸರಳ ನಿಯಮಗಳನ್ನಷ್ಟೇ ಹೇಳಿಕೊಟ್ಟರು. ಲೆಕ್ಕ ಇಡುವ ರೂಢಿ ಗಮನಾರ್ಹವಾಗಿ ಸುಧಾರಿಸಿದ್ದು ಎರಡನೆಯ ಗುಂಪಿನಲ್ಲಿ. ಪಠ್ಯದ ಲೆಕ್ಕಶಾಸ್ತ್ರ ಕಲಿತವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ನಮ್ಮಲ್ಲೇ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಸ್ವಸಹಾಯ ಸಂಘಗಳು ಪಾಲಿಸುವ 'ಪಂಚಸೂತ್ರ'ಗಳಲ್ಲಿ ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ ಇವುಗಳ ಜೊತೆ ಐದನೆಯದು ಪುಸ್ತಕ ನಿರ್ವಹಣೆ. ಸಂಘದ ಒಂದೊಂದು ರೂಪಾಯಿಗೂ ಲೆಕ್ಕ ಇಡುವ ಅದೇ ಮಹಿಳೆಯರು ಮನೆಗೆ ಬಂದು ತಮ್ಮ ಸ್ವಂತ ವ್ಯಾಪಾರದ ಲೆಕ್ಕವನ್ನು ನೆನಪಿಗೆ ಬಿಡುತ್ತಾರೆ. ಸಂಘದ ದುಡ್ಡಿಗೆ ಹತ್ತು ಜನರಿಗೆ ಉತ್ತರ ಕೊಡಬೇಕು. ತಮ್ಮ ದುಡಿಮೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಇಲ್ಲಿ ಕೊರತೆ ಇರುವುದು ವಿದ್ಯೆಯದ್ದಲ್ಲ.

ಶುರು ಮಾಡುವುದು ಹೇಗೆ?

*1. ದುಡ್ಡನ್ನು ಬೇರ್ಪಡಿಸಿ.* ವ್ಯಾಪಾರಕ್ಕೇ ಒಂದು ಬ್ಯಾಂಕ್ ಖಾತೆ, ಅದಕ್ಕೇ ಸೇರಿದ ಒಂದು ಕ್ಯೂಆರ್ ಕೋಡ್. ನಗದಿಗೆ ಬೇರೆ ಡಬ್ಬಿ. ಮನೆಗೆ ದುಡ್ಡು ಬೇಕಾದರೆ ಅದರಿಂದ ತೆಗೆಯಿರಿ, ತಪ್ಪೇನಿಲ್ಲ. ಆದರೆ 'ಮನೆಗೆ ತೆಗೆದದ್ದು' ಎಂದು ಬರೆಯಿರಿ. ಅದು ವ್ಯಾಪಾರದ ಖರ್ಚಲ್ಲ. ಮನೆಯಿಂದ ಹಾಕಿದ ದುಡ್ಡನ್ನೂ ಹಾಗೆಯೇ ಬರೆಯಿರಿ. ಅದು ಆದಾಯವಲ್ಲ, ಬಂಡವಾಳ.

*2. ಒಂದೇ ಪುಸ್ತಕ, ಆರು ಕಾಲಂ.* ತಾರೀಖು, ವಿವರ, ಯಾವ ಬಗೆ, ಬಂದದ್ದು, ಹೋದದ್ದು, ನಗದೋ ಯುಪಿಐಯೋ. ಹಳೆಯ ವ್ಯಾಪಾರಸ್ಥರು ಕಿರ್ದಿ ಎನ್ನುತ್ತಿದ್ದ ದಿನವಹಿ ಇದೇ. ನೋಟ್‌ಬುಕ್ ಆದರೂ ಸರಿ, ಮೊಬೈಲಿನ ಎಕ್ಸೆಲ್ ಆದರೂ ಸರಿ. 'ಬಗೆ'ಗಳು ಏಳೆಂಟಕ್ಕಿಂತ ಹೆಚ್ಚು ಬೇಡ: ಮಾರಾಟ, ಸಾಮಾನು, ಕೂಲಿ, ಪ್ಯಾಕಿಂಗ್, ಸಾಗಾಟ, ಮಳಿಗೆ ಮತ್ತು ಕಮಿಷನ್, ಉಪಕರಣ, ಮನೆಗೆ ತೆಗೆದದ್ದು. ಬರೆಯುವುದನ್ನು ಅದೇ ದಿನ ರಾತ್ರಿ ಮುಗಿಸಿ. ವಾರ ಬಿಟ್ಟರೆ ಆಟೋ ಖರ್ಚು, ಟ್ಯಾಗಿನ ಖರ್ಚು ಮರೆತೇ ಹೋಗುತ್ತದೆ.

*3. ಬಿಲ್ಲಿನ ಫೋಟೋ ತೆಗೆದಿಡಿ.* ಅಂಗಡಿಯ ಮಷಿನ್‌ನಿಂದ ಬರುವ ನುಣುಪಾದ ಬಿಲ್ಲಿನಲ್ಲಿ ಇಂಕು ಇರುವುದಿಲ್ಲ. ಕಾಗದದ ಮೇಲೆ ಲೇಪಿಸಿದ ರಾಸಾಯನಿಕಗಳು ಶಾಖ ತಗುಲಿದಾಗ ಬಣ್ಣಕ್ಕೆ ತಿರುಗುತ್ತವೆ. ಬಿಸಿಲು, ಸೆಕೆ, ಕೈಯ ಎಣ್ಣೆಯಂಶ, ಪ್ಲಾಸ್ಟಿಕ್ ಕವರ್ ಇವೆಲ್ಲ ಆ ಬರಹವನ್ನು ಹಾಳುಮಾಡುತ್ತವೆ. ಕೆಲವೇ ತಿಂಗಳಲ್ಲಿ ಬಿಲ್ಲು ಖಾಲಿ ಕಾಗದ ಆಗಬಹುದು. ತಂದ ದಿನವೇ ಫೋಟೋ ತೆಗೆದು ತಿಂಗಳವಾರು ಫೋಲ್ಡರಿಗೆ ಹಾಕಿ. ಜಿಎಸ್‌ಟಿ ನೋಂದಣಿ ಇರುವವರು ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು.

*4. ಬರಬೇಕಾದದ್ದು, ಕೊಡಬೇಕಾದದ್ದು ಬೇರೆ ಪುಟದಲ್ಲಿರಲಿ.* ಉದ್ರಿ ಕೊಟ್ಟ ಮಾಲು, ಅಂಗಡಿಯಲ್ಲಿ 'ಮಾರಿದ ಮೇಲೆ ದುಡ್ಡು' ಎಂದು ಇಟ್ಟು ಬಂದ ಮಾಲು ಇವನ್ನು ಹೆಸರು, ಸಂಖ್ಯೆ, ತಾರೀಖಿನ ಸಮೇತ ಬರೆಯಿರಿ. ಎರಡನೆಯ ಬಗೆಯ ಮಾಲು ಮಾರಾಟವಾಗುವವರೆಗೂ ನಿಮ್ಮದೇ ದಾಸ್ತಾನು. ಮದುವೆ ಆರ್ಡರಿಗೆ ಬಂದ ಅಡ್ವಾನ್ಸ್ ಕೂಡ ಸದ್ಯಕ್ಕೆ ನಿಮ್ಮ ಗಳಿಕೆಯಲ್ಲ. ಆರ್ಡರ್ ರದ್ದಾದರೆ ಅದನ್ನು ಹಿಂದಿರುಗಿಸಬೇಕಾಗಬಹುದು. ಮಾಲು ತಲುಪಿಸಿದ ಮೇಲೆ ಅದನ್ನು ಮಾರಾಟಕ್ಕೆ ಸೇರಿಸಿ.

*5. ವಸ್ತುವಿಗೊಂದು ಚೀಟಿ.* ಪ್ರತಿ ಮಾದರಿಗೂ ಮೇಲಿನ ಚೀಲದ ಹಾಗೆ ಖರ್ಚಿನ ಪಟ್ಟಿ ಮತ್ತು ಹಿಡಿದ ಗಂಟೆ. ಮೂರು ನಾಲ್ಕು ಸಲ ಗಡಿಯಾರ ನೋಡಿ ಬರೆದು ಸರಾಸರಿ ತೆಗೆದರೆ ಸಾಕು, ಪ್ರತಿ ಸಲವೂ ಬೇಕಿಲ್ಲ.

*6. ತಿಂಗಳ ಕೊನೆಗೆ ತಾಳೆ ನೋಡಿ.* ಪುಸ್ತಕದ ಯುಪಿಐ ಮೊತ್ತವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ, ನಗದಿನ ಮೊತ್ತವನ್ನು ಡಬ್ಬಿಯಲ್ಲಿರುವ ದುಡ್ಡಿನ ಜೊತೆ ಹೋಲಿಸಿ. ಅದೇ ದಿನ ದಾಸ್ತಾನು ಎಣಿಸಿ. ಸಣ್ಣ ವ್ಯಾಪಾರಕ್ಕೆ ಒಂದೆರಡು ಗಂಟೆಯ ಕೆಲಸ. ಈ ಗಂಟೆಗಳೂ ವ್ಯಾಪಾರದ ಗಂಟೆಗಳೇ, ಅವನ್ನೂ ಬರೆಯಿರಿ.

ಇದು ಒಂದೇ ಕಡೆಯ ನಮೂದಿನ ಲೆಕ್ಕ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ತಮ್ಮ ಗಣಿತದ ಗ್ರಂಥದಲ್ಲಿ ವಿವರಿಸಿ ಅಚ್ಚು ಹಾಕಿಸಿದರು. ಇಂದಿನ ಕಂಪನಿಗಳೂ, ಟ್ಯಾಲಿಯಂಥ ಸಾಫ್ಟ್‌ವೇರ್‌ಗಳೂ ನಡೆಯುವುದು ಅದರ ಮೇಲೆಯೇ. ಸಾಲ, ಕೆಲಸಗಾರರು, ಜಿಎಸ್‌ಟಿ ಎಲ್ಲ ಸೇರಿಕೊಂಡಾಗ ನಿಮಗೂ ಅದು ಬೇಕಾಗುತ್ತದೆ. ಆದರೆ ಅದು ಬರುವುದಿಲ್ಲ ಎಂಬ ಕಾರಣಕ್ಕೆ ಏನನ್ನೂ ಬರೆಯದೆ ಇರಬೇಕಾಗಿಲ್ಲ.

ಲೆಕ್ಕ ಬರೆದರೆ ಏನು ಬದಲಾಗುತ್ತದೆ?

ಲೆಕ್ಕ ಬರೆದ ಮಾತ್ರಕ್ಕೆ ಗಿರಾಕಿ ಹೆಚ್ಚು ದುಡ್ಡು ಕೊಡುವುದಿಲ್ಲ. ಆದರೆ ನೀವು ತೀರ್ಮಾನ ತೆಗೆದುಕೊಳ್ಳುವ ರೀತಿ ಬದಲಾಗುತ್ತದೆ. ಅದೇ ಕಸೂತಿಯ ಸಣ್ಣದೊಂದು ಪರ್ಸ್ ಮಾಡುತ್ತೀರಿ ಎಂದುಕೊಳ್ಳಿ. ಬೆಲೆ ₹250, ನೇರ ಖರ್ಚು ₹90, ಮಳಿಗೆ ಮತ್ತು ಪ್ರಯಾಣದ ಅದೇ ಪಾಲು ₹60, ಕಸೂತಿಗೆ ಎರಡು ಗಂಟೆ. ಉಳಿಯುವುದು ₹100, ಗಂಟೆಗೆ ₹50. ಚೀಲ ಮಾರಿದಾಗ ಕೈಗೆ ಬರುವ ನೋಟು ಜಾಸ್ತಿ, ಪರ್ಸ್ ಮಾರಿದಾಗ ದುಡಿಮೆಗೆ ಸಿಗುವ ಬೆಲೆ ಎರಡು ಪಟ್ಟು. ಬರೆಯದೆ ಇದ್ದರೆ ಚೀಲವೇ ಲಾಭದ ಮಾಲು ಎಂದು ನೀವು ನಂಬಿಕೊಂಡಿರುತ್ತೀರಿ.

ಹಾಗೆಂದು ಚೀಲ ಬಿಟ್ಟುಬಿಡಿ ಎಂದು ಇದರ ಅರ್ಥವಲ್ಲ. ಚೀಲದ ಬೆಲೆ ₹600 ಮಾಡಿ ಆರ್ಡರಿಗೆ ಮಾತ್ರ ಮಾಡಬಹುದು. ಕಸೂತಿಯನ್ನು ಅಂಚಿಗಷ್ಟೇ ಹಾಕಿ ಸಮಯ ಉಳಿಸಬಹುದು. ಅಥವಾ ಗಂಟೆಗೆ ₹25 ಮಾತ್ರ ಸಿಗುತ್ತದೆ ಎಂದು ತಿಳಿದೂ, ಆ ಕೆಲಸ ಇಷ್ಟ ಎಂಬ ಕಾರಣಕ್ಕೆ ಮುಂದುವರಿಸಬಹುದು. ಮೂರೂ ಸರಿಯಾದ ತೀರ್ಮಾನಗಳೇ, ತಿಳಿದು ತೆಗೆದುಕೊಂಡಿದ್ದರೆ.

ಶುರು ಮಾಡಲು ಯುಗಾದಿಯನ್ನೋ ದೀಪಾವಳಿಯ ಖಾತೆ ಪೂಜೆಯನ್ನೋ ಕಾಯಬೇಕಿಲ್ಲ. ನೀವು ಹೆಚ್ಚು ಮಾರುವ ಒಂದು ವಸ್ತುವನ್ನು ಆರಿಸಿಕೊಳ್ಳಿ, ಅದರ ಚೀಟಿಯನ್ನು ಇವತ್ತೇ ಬರೆಯಿರಿ, ಮುಂದಿನದನ್ನು ಮಾಡಲು ಕೂತಾಗ ಗಡಿಯಾರ ನೋಡಿಕೊಳ್ಳಿ. ಎಳೆ ಎಣಿಸಿ ಕಸೂತಿ ಹಾಕಬಲ್ಲವರಿಗೆ ಈ ಎಣಿಕೆ ಕಷ್ಟವೇನಲ್ಲ.